ಬನ್ನಿ ಗಿಡದ ಹಿಂದಿನ ಎಲೆ

ಡಿಸೆಂಬರ್ ಎಂದರೆ ನಮ್ಮ ಮನೆಯಲ್ಲಿ ಎಳ್ಳಮಾಸಿ, ಎಳ್ಳಮಾವಾಸ್ಯೆ. ಕೆಲವು ವರ್ಷ ಅದು ಜನವರಿಗೆ ಜಾರುತ್ತದೆ. ಆದರೂ ನಮ್ಮ ಲೆಕ್ಕದಲ್ಲಿ ಅದು ಡಿಸೆಂಬರಿನ ಹಬ್ಬವೇ. ಹಿಂಗಾರಿ ಜೋಳ ತೆನೆ ಹಿಡಿದಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ, ಬೆಳಿಗ್ಗೆ ಒಂಬತ್ತರವರೆಗೂ ಮಂಜು ಹೊಲ ಬಿಟ್ಟು ಏಳುವುದಿಲ್ಲ. ಅಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ನಾನಿರುವುದು ಶಿಗ್ಗಾಂವದಲ್ಲಿ, ಪತ್ರಿಕೆಯೊಂದಕ್ಕೆ ತಾಲೂಕಿನ ಸುದ್ದಿ ಬರೆಯುತ್ತೇನೆ. ನಮ್ಮ ಹೊಲ ಯಲವಿಗಿಯ ಹತ್ತಿರ, ರೈಲು ಹಳಿಯಿಂದ ಎರಡು ಹೊಲ ಈಚೆಗೆ. ಬೇರೆ ಯಾವ ಹಬ್ಬಕ್ಕೆ ರಜೆ ಸಿಗದಿದ್ದರೂ ಆ ಒಂದು ದಿನವನ್ನು ನಾನು ಬಿಟ್ಟಿಲ್ಲ.

ಕ್ರಮ ಹೀಗಿದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತೇವೆ. ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಡೆ ಹಿಡಿಯುತ್ತೇವೆ. ಆಮೇಲೆ ಅಡುಗೆಯಲ್ಲಿ ಒಂದಿಷ್ಟನ್ನು ಕಲಸಿ ಬುಟ್ಟಿಗೆ ತುಂಬಿ ಹೊಲದ ಸುತ್ತ ಚೆಲ್ಲುತ್ತೇವೆ. ಅದು ಚರಗ. ಎಲ್ಲರಿಗಿಂತ ಮುಂದಿರುವವರು ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು. ಹಿಂದಿರುವವರು ಒಬ್ಬರಾದ ಮೇಲೆ ಒಬ್ಬರು ಅದೇ ಕೂಗನ್ನು ಹಿಡಿಯಬೇಕು. ಕೊನೆಯವರ ಕೈಯಲ್ಲಿ ನೀರಿನ ತಂಬಿಗೆ. ಸುತ್ತು ಮುಗಿದು ಬನ್ನಿ ಗಿಡ ಮುಟ್ಟುವವರೆಗೆ ಯಾರೂ ತಿರುಗಿ ನೋಡುವಂತಿಲ್ಲ. ಯಾಕೆಂದು ಚಿಕ್ಕವನಿದ್ದಾಗ ಕೇಳಿದ್ದೆ. ಹಿಂದ ಉಣ್ಣಾಕ ಬಂದವರಿಗೆ ನಾಚಿಕಿ ಆಗ್ತೈತಿ ಎಂದಿದ್ದಳು ಅವ್ವ. ಯಾರು ಬಂದವರು ಎಂದು ಕೇಳಬೇಕೆಂದು ಆಗ ಹೊಳೆಯಲಿಲ್ಲ.

ಹತ್ತು ವರ್ಷದ ಹಿಂದೆ ಎಳ್ಳಮಾಸಿಗೆ ಎರಡು ವಾರವಿದ್ದಾಗ ನನ್ನ ಕಾಕಾ, ಅಪ್ಪನ ತಮ್ಮ, ಪಂಪಿನ ಸಾಮಾನು ತರಲು ಹುಬ್ಬಳ್ಳಿಗೆಂದು ಯಲವಿಗಿ ಸ್ಟೇಷನ್ನಿಗೆ ಹೋದವರು ಮರಳಿ ಬರಲಿಲ್ಲ. ಅವರ ಮೋಟರ್ ಸೈಕಲ್ ಸ್ಟೇಷನ್ನಿನ ಬೇವಿನ ಗಿಡದ ಕೆಳಗೆ ನಿಂತಿತ್ತು, ಬೀಗ ಹಾಕಿತ್ತು. ಅಂದು ಬೆಳಗಿನ ಗಾಡಿ ಹತ್ತಿದ್ದನ್ನು ಕಂಡವರಿಲ್ಲ, ಇಳಿದದ್ದನ್ನು ಕಂಡವರೂ ಇಲ್ಲ. ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆಯನ್ನು ನಾನೇ ಬರೆದೆ. ಕೋಲು ಮುಖ, ಗೋಧಿ ಮೈಬಣ್ಣ, ಬಿಳಿ ಅಂಗಿ, ಕನ್ನಡ ಮಾತನಾಡುತ್ತಾರೆ. ಅಂಥ ಪ್ರಕಟಣೆ ಎಷ್ಟೋ ಬರೆದಿದ್ದೆ. ಆ ನಾಲ್ಕು ಸಾಲು ಜಿಲ್ಲೆಯ ಯಾವ ಗಂಡಸಿಗೂ ಹೊಂದುತ್ತವೆ ಎಂಬುದು ಅಂದು ಮೊದಲ ಸಲ ಗಮನಕ್ಕೆ ಬಂತು.

ಮನೆ ಬಿಡುವಾಗ ಕಾಕಾ ತಮ್ಮ ಹೆಂಡತಿಗೆ, ನನ್ನ ಚಿಗವ್ವನಿಗೆ, ಹೇಳಿದ್ದು ಒಂದೇ ಮಾತು: ಚರಗದ ದಿನ ಎಲ್ಲಿದ್ದರೂ ಹೊಲಕ್ಕೆ ಬರುತ್ತೇನೆ. ಮಾತಿಗೆ ಮಾತು ಅಷ್ಟೇ. ಪಂಪಿನ ಕೆಲಸಕ್ಕೆ ಅವರು ಸದಾ ಊರೂರು ಓಡಾಡುತ್ತಿದ್ದರು; ಹಬ್ಬಕ್ಕಾದರೂ ಮನೆಯಲ್ಲಿರಿ ಎಂದು ಅವಳು ಕೆಣಕಿದ್ದಕ್ಕೆ ಕೊಟ್ಟ ಉತ್ತರ. ಚಿಗವ್ವ ಅದನ್ನು ಹಿಡಿದುಕೊಂಡಳು. ಆ ವರ್ಷ ಬನ್ನಿ ಗಿಡದ ಹಿಂದೆ ಒಂದು ಬಾಳೆ ಎಲೆ ಹಾಸಿ, ಎಲ್ಲ ಬಡಿಸಿ, ಮಗ್ಗುಲಿಗೆ ಅವರಿಗೆ ಸೇರುತ್ತಿದ್ದ ಸವಣೂರಿನ ವೀಳ್ಯದೆಲೆ ಎರಡು ಇಟ್ಟಳು. ನಾವು ಚರಗ ಚೆಲ್ಲಿ ಬಂದು ನೋಡಿದಾಗ ಬಾಳೆ ಎಲೆ ಮಡಚಿತ್ತು, ಮೇಲೆ ಒಂದು ಎರೆಮಣ್ಣಿನ ಹೆಂಟೆ ಇತ್ತು.

ನಮ್ಮಲ್ಲಿ ಹಬ್ಬದ ಊಟವಾದರೆ ಎಲೆಯನ್ನು ತನ್ನ ಕಡೆಗೆ ಮಡಚಿ ಏಳುತ್ತಾರೆ. ಸತ್ತವರ ದಿನದ ಊಟವಾದರೆ ಆಚೆ ಕಡೆಗೆ. ಆ ಎಲೆ ಉಂಡವನ ಕಡೆಗೆ ಮಡಚಿತ್ತು. ಚಿಗವ್ವ ಅದನ್ನು ನೋಡಿದಳು. ಹಣೆಯ ಕುಂಕುಮವನ್ನು ಒಮ್ಮೆ ಮುಟ್ಟಿಕೊಂಡಳು. ಮುಂದೆ ಏಳು ವರ್ಷ ಹೀಗೇ ನಡೆಯಿತು. ಎಲೆ ಹಾಸುವುದು, ಸುತ್ತು ಬರುವುದು, ಎಲೆ ಮಡಚಿರುವುದು.

ಎಂಟನೆಯ ವರ್ಷ ನಾನು ನಿಯಮ ಮುರಿದೆ. ಹೊಲದ ಮೊದಲ ಮೂಲೆಯಲ್ಲಿ ಜೋಳದ ಮರೆಯಿಂದ ಹಿಂದಕ್ಕೆ ನೋಡಿದೆ. ಸಾಲಿನ ಕೊನೆಯಲ್ಲಿರಬೇಕಾದ ಅಪ್ಪ ತಂಬಿಗೆಯನ್ನು ನೆಲಕ್ಕಿಟ್ಟು, ಬಗ್ಗಿ, ಎಡಗೈಯಿಂದ ಎಲೆ ಮಡಚುತ್ತಿದ್ದರು. ಪಾರ್ಶ್ವವಾಯು ಹೊಡೆದಿದ್ದ ಬಲಗೈ ಕಾಕಾ ಕಾಣೆಯಾಗುವ ಮೊದಲಿನಿಂದಲೂ ಅವರ ಮಾತು ಕೇಳುತ್ತಿರಲಿಲ್ಲ. ಹೆಂಟೆ ಇಟ್ಟು, ಧೋತರಕ್ಕೆ ಕೈ ಒರೆಸಿಕೊಂಡು, ನಮ್ಮನ್ನು ಕೂಡಿಕೊಳ್ಳಲು ಲಗುಬಗೆಯಿಂದ ಬಂದರು. ಮನೆಗೆ ಬಂದ ಮೇಲೆ ಕೇಳಿದೆ. ಮುಚ್ಚಿಡಲಿಲ್ಲ. ಅವಳಿಗೆ ಒಂದು ವರ್ಷದ ಧೈರ್ಯವಾಗುತ್ತದೆ, ನಮಗೇನು ಹೋಗುವುದು ಎಂದರು. ಮರುವರ್ಷ ಶ್ರಾವಣದಲ್ಲಿ ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು ಹೇಳಿದರು:

“ನಾ ಹ್ವಾದ ಮ್ಯಾಲ ನೀ ಮಡಚಬೇಕು ನೋಡಪಾ.”

ನಾನು ಹೂಂ ಅನ್ನಲಿಲ್ಲ. ಕಂಡದ್ದನ್ನು ಬರೆಯುವುದು ಕೆಲಸವಾದವನಿಗೆ ಕಾಣಿಸುವಂತೆ ಮಾಡುವುದು ಆಗದ ಮಾತು ಎಂದು ಆಗ ಅನ್ನಿಸಿತ್ತು. ಅಪ್ಪ ಅದೇ ತಿಂಗಳು ತೀರಿಕೊಂಡರು. ಸೂತಕದ ವರ್ಷವೆಂದು ಆ ಡಿಸೆಂಬರಿನಲ್ಲಿ ನಾವು ಚರಗ ಚೆಲ್ಲಲಿಲ್ಲ.

ಹೋದ ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ಈ ಸಲ ಎಲೆಯ ಮೇಲೆ ಒಂದು ಭಾರ ಬಿದ್ದಿತ್ತು. ಚಿಗವ್ವನ ಮಗಳಿಗೆ ಹಿರೇಕೆರೂರಿನ ಕಡೆ ಮದುವೆ ಗೊತ್ತಾಗಿತ್ತು. ಬೀಗರು ಒಳ್ಳೆಯವರು, ಒತ್ತಾಯ ಮಾಡಿರಲಿಲ್ಲ. ಆದರೆ ಲಗ್ನಪತ್ರಿಕೆಯಲ್ಲಿ ಹುಡುಗಿಯ ತಂದೆಯ ಹೆಸರಿನ ಮುಂದೆ ‘ಶ್ರೀ’ ಬರಬೇಕೋ ‘ದಿವಂಗತ’ ಬರಬೇಕೋ ಎಂದು ಕೇಳಿದ್ದರು. ಪತ್ರಿಕೆ ಬರೆಯುವ ಕೆಲಸ ಎಂದಿನಂತೆ ನನ್ನದು. ‘ಶ್ರೀ’ ಎಂದರೆ ಚಿಗವ್ವ ಮುತ್ತೈದೆಯಾಗಿ ಧಾರೆಗೆ ನಿಲ್ಲಬೇಕು, ಮಗ್ಗುಲಲ್ಲಿ ನಿಲ್ಲುವವರಿಲ್ಲ. ‘ದಿವಂಗತ’ ಎಂದರೆ ಒಂಬತ್ತು ವರ್ಷ ಕಾಯ್ದದ್ದನ್ನು ತನ್ನ ಬಾಯಿಂದ ತಾನೇ ಮುಗಿಸಬೇಕು. ನಾನು ಎರಡು ಸಲ ಕೇಳಿದೆ. ಎರಡು ಸಲವೂ ಒಂದೇ ಉತ್ತರ ಬಂತು.

“ಎಳ್ಳಮಾಸಿ ಆಗ್ಲಿ. ಎಲಿ ನೋಡಿ ಹೇಳ್ತೇನಿ.”

ಟ್ರ್ಯಾಕ್ಟರಿನಲ್ಲಿ ಐದು ಜನ ಹೋದೆವು. ಚಿಗವ್ವ, ಅವಳ ಮಗಳು, ಅವ್ವ, ನಾನು, ರಟ್ಟೀಹಳ್ಳಿಯಿಂದ ಬಂದಿದ್ದ ಚಿಗವ್ವನ ಅಣ್ಣ. ಅವರನ್ನು ನಾನು ಮಾಮಾ ಎನ್ನುತ್ತೇನೆ. ಸುಮ್ಮನಿರಲು ಬಾರದ ಮನುಷ್ಯ. ಕಲ್ಲಿಗೆ ಸುಣ್ಣ ಹಚ್ಚುತ್ತ ನನ್ನ ಕಾಲೆಳೆದರು.

“ಏನ್ ಪೇಪರ್ ಅಳ್ಯಾ, ಪಾಂಡವರು ಐದ ಮಂದಿ ಅದಾರಿಲ್ಲೋ ಎಣಿಸ್ಕೋ. ನಾಳೆ ಮತ್ತ ನಾಕ ಅಂತ ಛಾಪಿಸಿಗೀಪಿಸೀಯ.”

ಎಲ್ಲರೂ ನಕ್ಕರು, ಚಿಗವ್ವನೂ ನಕ್ಕಳು. ನಗುತ್ತಲೇ ಗಿಡದ ಹಿಂದೆ ಹೋಗಿ ಎಲೆ ಹಾಸಿದಳು. ಹಾನಗಲ್ ಕಡೆಯಿಂದ ಬಂದ ಅಗಲವಾದ ಎಲೆ. ಉಣ್ಣುವವನು ಗಿಡದ ಕಡೆ ಮುಖ ಮಾಡಿ ಕೂಡುವಂತೆ ಹಾಸಿದ್ದಳು.

ಸಾಲು ಹೀಗಿತ್ತು: ಬುಟ್ಟಿ ಹೊತ್ತ ಮಾಮಾ, ಚಿಗವ್ವ, ಅವಳ ಮಗಳು, ಅವ್ವ, ತಂಬಿಗೆ ಹಿಡಿದ ನಾನು. ಅಪ್ಪನ ಜಾಗ ನನಗೆ ಬಂದಿತ್ತು. ಉಳಿದವರು ಹತ್ತು ಹೆಜ್ಜೆ ಮುಂದೆ ಹೋದರು. ನಾನು ಎಲೆಯ ಪಕ್ಕದಲ್ಲಿ ನಿಂತೆ. ಬಗ್ಗಿದರೆ ಕೈಗೆ ಸಿಗುತ್ತಿತ್ತು. ಎಲೆ ಚಪ್ಪಟೆಯಾಗಿ ಬಿದ್ದಿತ್ತು. ಎರಡು ಕಡಬು, ಮುರಿಯದ ರೊಟ್ಟಿ, ಪಲ್ಯ, ಮಗ್ಗುಲಿಗೆ ಎರಡು ವೀಳ್ಯದೆಲೆ. ಹೊರಟದ್ದು ತಡವಾಗಿತ್ತು, ಸಮಯ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ. ಗಾಳಿ ಇತ್ತು, ಎಲೆಯ ಅಂಚು ಮಿಸುಕುವಷ್ಟು ಮಾತ್ರ. ನಾನು ಮುಟ್ಟಲಿಲ್ಲ. ಸಾಲಿನ ಹಿಂದೆ ನಡೆದೆ.

ಮಾಮಾ ಕೂಗಿದರು. ಚಿಗವ್ವ ಹಿಡಿದಳು, ಅವಳ ಮಗಳು, ಅವ್ವ, ಕೊನೆಗೆ ನಾನು. ಪ್ರತಿ ಸುತ್ತಿನ ಕೂಗೂ ನನ್ನಲ್ಲಿಗೆ ಬಂದು ನಿಲ್ಲುತ್ತಿತ್ತು. ಸುತ್ತಲಿನ ಹೊಲದವರು ಆಗಲೇ ಉಂಡು ಊರ ಕಡೆ ಹೋಗಿದ್ದರು. ದೂರದಲ್ಲಿ ಒಂದು ಗೂಡ್ಸ್ ಗಾಡಿ ಹಾದುಹೋಯಿತು. ಮೊದಲ ಮೂಲೆ ತಿರುಗಿದ ಮೇಲೆ, ಬನ್ನಿ ಗಿಡ ನಮ್ಮ ಬೆನ್ನಿಗಿದ್ದಾಗ, ನಾನು ಕೂಗಿದ ಮೇಲೆ ಇನ್ನೊಂದು ಕೂಗು ಬಂತು.

ಗಂಡಸಿನ ದನಿ, ಗಟ್ಟಿಯೇನಲ್ಲ. ನನ್ನಿಂದ ಏಳೆಂಟು ಹೆಜ್ಜೆ ಹಿಂದೆ, ಸಾಲಿನಲ್ಲಿ ಆರನೆಯವನೊಬ್ಬ ಇದ್ದರೆ ಎಲ್ಲಿರುತ್ತಿದ್ದನೋ ಅಲ್ಲಿಂದ. ಪ್ರತಿಧ್ವನಿ ಎನ್ನಲು ಆ ಬಯಲಿನಲ್ಲಿ ಗುಡ್ಡವಿಲ್ಲ. ಮುಂದೆ ಯಾರೂ ನಿಲ್ಲಲಿಲ್ಲ. ಮಾಮಾ ಮಾತ್ರ ಮುಂದಿನ ಕೂಗನ್ನು ಸ್ವಲ್ಪ ತಡಮಾಡಿ ಎತ್ತಿದರು. ಆ ಕೂಗಿಗೂ ಹಿಂದಿನಿಂದ ಉತ್ತರ ಬಂತು. ಮೂರನೆಯದಕ್ಕೆ ಬರಲಿಲ್ಲ. ನಾನು ತಿರುಗಲಿಲ್ಲ. ನಿಯಮಕ್ಕಾಗಿ ತಿರುಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕುತ್ತಿಗೆ ತಿರುಗಲಿಲ್ಲ. ಮುಂದಿನವರನ್ನೂ ನೋಡದೆ ತಂಬಿಗೆಯ ನೀರನ್ನೇ ನೋಡುತ್ತ ನಡೆದೆ.

ಬನ್ನಿ ಗಿಡ ಮುಟ್ಟಿ ಹಿಂದೆ ಹೋದೆವು. ಎಲೆ ಮಡಚಿತ್ತು.

ಮೇಲೆ ಹೆಂಟೆ ಇರಲಿಲ್ಲ. ಮತ್ತು ಮಡಿಕೆ ಉಂಡವನ ಕಡೆಗೆ ಇರಲಿಲ್ಲ, ಗಿಡದ ಕಡೆಗೆ ಇತ್ತು. ಆಚೆಗೆ. ನಾನು ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ. ಹಿಂದಿನ ದಿನ ನೀರು ಬಿಟ್ಟಿದ್ದ ಮೆತ್ತಗಿನ ಎರೆಮಣ್ಣು ಅದು. ಎಲೆಯ ಸುತ್ತ ಚಿಗವ್ವನ ಪಾದಗಳ ಗುರುತಿತ್ತು, ನನ್ನ ಚಪ್ಪಲಿಯ ಗುರುತಿತ್ತು, ಮೂರನೆಯದು ಇರಲಿಲ್ಲ. ಎಲೆ ಬಿಚ್ಚಿದೆ. ಅಡುಗೆ ಬಡಿಸಿದಂತೆಯೇ ಇತ್ತು. ಪಕ್ಕದಲ್ಲಿಟ್ಟಿದ್ದ ವೀಳ್ಯದೆಲೆ ಎರಡೂ ಇರಲಿಲ್ಲ. ಅವನ್ನು ಗಾಳಿ ಒಯ್ದಿರಬಹುದು. ಅಷ್ಟಕ್ಕೆ ಗಾಳಿ ಸಾಕು.

ಮಾಮಾ ನನ್ನ ಮುಖ ನೋಡಿದರು, ನಾನೇ ಮಡಚಿದೆನೋ ಎಂಬಂತೆ. ನಾನು ತಲೆ ಅಲ್ಲಾಡಿಸಿದೆ. ಚಿಗವ್ವ ನೋಡುತ್ತ ನಿಂತಿದ್ದಳು. ಅಳಲಿಲ್ಲ. ಬಗ್ಗಿ ಎಲೆಯನ್ನು ಮೊದಲಿದ್ದಂತೆಯೇ, ಆಚೆ ಕಡೆಗೆ, ಮಡಚಿದಳು.

“ಭಾವನವರು ಮಡಚೂದು ನನಗ ಮೊದಲನೇ ವರ್ಷನ ಗೊತ್ತಾಗಿತ್ತು,” ಎಂದಳು ನನಗೆ. “ಎಡಗೈ ಮಡಿಕಿ ತಿಳಿಯೂದಿಲ್ಲೇನು? ಅವರ ಸಮಾಧಾನಕ್ಕ ನಾ ಸುಮ್ಮನಿದ್ದೆ.”

ಹಾಗಾದರೆ ಈ ಸಲ ಎಲೆ ನೋಡಿ ಹೇಳುತ್ತೇನೆ ಎಂದದ್ದೇಕೆ ಎಂದು ಕೇಳಿದೆ.

“ನೀ ಮಡಚೂದಿಲ್ಲ ಅಂತ ಗೊತ್ತಿತ್ತು. ಅದಕ್ಕ.”

ಅವ್ವ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ಮಗಳು ಕೈ ಹಿಡಿದಳು. ಚಿಗವ್ವ ಇಬ್ಬರನ್ನೂ ಮೆಲ್ಲಗೆ ಬಿಡಿಸಿಕೊಂಡು, ಸೆರಗಿನ ತುದಿಯಿಂದ ಹಣೆಯ ಕುಂಕುಮ ಒರೆಸಿಕೊಂಡಳು. ಒಂದೇ ಸಲಕ್ಕೆ ಹೋಗಲಿಲ್ಲ. ಎರಡನೆಯ ಸಲ ಒರೆಸಿದಳು.

“ದಿವಂಗತ ಅಂತ ಬರಿ,” ಎಂದಳು.

ನಂತರ ನಾವು ಊಟಕ್ಕೆ ಕುಳಿತೆವು, ಯಾಕೆಂದರೆ ಚರಗದ ದಿನ ಹೊಲದಲ್ಲಿ ಉಣ್ಣದೆ ಬರುವಂತಿಲ್ಲ. ಮಾಮಾ ಒಂದೂ ಚೇಷ್ಟೆ ಮಾಡಲಿಲ್ಲ. ಕಡಬು ಆರಿದ್ದವು. ಉಂಡೆದ್ದು ನಮ್ಮ ಎಲೆಗಳನ್ನು ಮಡಚುವಾಗ ಯಾರಿಗೂ ಯಾವ ಕಡೆಗೆ ಎಂದು ತೋಚಲಿಲ್ಲ. ಚಿಗವ್ವ ತನ್ನ ಎಲೆಯನ್ನು ತನ್ನ ಕಡೆಗೆ ಮಡಚಿದಳು. ಅವಳನ್ನು ನೋಡಿ ಉಳಿದವರೂ ಹಾಗೇ ಮಡಚಿದೆವು.

ಲಗ್ನಪತ್ರಿಕೆ ಮರುವಾರ ಅಚ್ಚಾಯಿತು. ಕರಡನ್ನು ಎರಡು ಸಲ ತಿದ್ದಿದೆ. ನಮ್ಮ ಕಸುಬಿನಲ್ಲಿ ಸಾವಿನ ಸುದ್ದಿಯನ್ನು ಒಂದೇ ಕಡೆಯಿಂದ ಕೇಳಿ ಬರೆಯುವುದಿಲ್ಲ. ಆ ಪದವನ್ನು ಮಾತ್ರ ಹಾಗೆಯೇ ಬಿಟ್ಟೆ.

ಅಂದು ಹೊಲದಿಂದ ಮರಳುವಾಗ ಟ್ರ್ಯಾಕ್ಟರಿನ ಸದ್ದಿನಲ್ಲಿ ಉಳಿದವರಿಗೆ ಕೇಳದಂತೆ ಚಿಗವ್ವ ನನ್ನ ಕಿವಿಗೆ ಬಾಗಿದಳು.

“ನಿನ್ನ ಹಿಂದ ಕೂಗಿದಾಗ ತಿರುಗಿ ನೋಡಿದೇನು?”

ಇಲ್ಲ ಎಂದೆ.

“ಚಲೋ ಮಾಡಿದಿ,” ಎಂದಳು. “ನಾ ನೋಡಿದೆ.”

ಏನು ಕಂಡಿತೆಂದು ನಾನು ಕೇಳಲಿಲ್ಲ. ಅವಳು ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಲವಿಗಿಯ ದೀಪಗಳು ಕಾಣುವವರೆಗೂ ಮುಂದಕ್ಕೇ ನೋಡುತ್ತ ಕುಳಿತಿದ್ದಳು.