ಕೆಂಪು ಹಸುವಿನ ಕಪ್ಪು ಕರು

ಆ ಗೃಹಪ್ರವೇಶದ ದಿನದವರೆಗೆ ಮುರಿಗೆಪ್ಪ ನಮಗ್ಯಾರಿಗೂ ಸುಳ್ಳು ಹೇಳಿದವರಲ್ಲ. ಬೀದರಿನಲ್ಲಿ ಪಶುವೈದ್ಯಕೀಯ ಓದಿ, ಈ ಪರದೇಶದಲ್ಲಿ ಆ ಪದವಿ ನಡೆಯದೆ, ಬ್ರ್ಯಾಂಪ್ಟನ್ನಿನ ಬೇಸ್‌ಮೆಂಟೊಂದರಲ್ಲಿದ್ದುಕೊಂಡು ಕ್ಯಾಲೆಡನ್ ಕಡೆಯ ಫಾರ್ಮಿಗೆ ಹೋಗಿಬರುತ್ತಿದ್ದರು. ಹಸುಗಳಿಗೆ ಗರ್ಭಧಾರಣೆ ಮಾಡಿಸುವುದು ಅವರ ಕೆಲಸ. ಕೇಳಿದವರಿಗೆ "ದನದ ಫಾರ್ಮು ರೀ" ಎನ್ನುತ್ತಿದ್ದರು. ಹಾಲಿನದು ಎಂಬುದನ್ನು ನಾವೇ ಸೇರಿಸಿಕೊಂಡೆವು. ಕೊರಳಲ್ಲಿ ಲಿಂಗ, ಮೊಟ್ಟೆ ಇದೆಯೆಂದು ಕೇಕನ್ನೂ ಮುಟ್ಟದ ಮನುಷ್ಯ. ಬೇರೇನು ತಾನೇ ಸೇರಿಸಲು ತೋಚುತ್ತದೆ?

ಹೀಗಾಗಿ ಕೋಕಿಲಾ, ಸತ್ಯಪ್ರಕಾಶ್ ದಂಪತಿಗೆ ಹೊಸ ಮನೆಯ ಪೂಜೆಗೆ ಕರುವಿನ ಸಮೇತ ಹಸು ಬೇಕೆಂದಾಗ ಎಲ್ಲರ ಬೆರಳೂ ಮುರಿಗೆಪ್ಪನವರತ್ತ ತಿರುಗಿತು. ಮೊದಲು ತಿರುಗಿದ್ದು ನನ್ನದು. ಬೆರಳು ತೋರಿಸುವ ಸಮಾಜಸೇವೆಯಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ಅವರು ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು, ಕೊನೆಗೆ ಫಾರ್ಮಿನ ಯಜಮಾನನನ್ನು ಒಪ್ಪಿಸಿ ಟ್ರೇಲರಿನಲ್ಲಿ ತಂದರು.

ಡ್ರೈವ್‌ವೇಗೆ ಇಳಿದದ್ದು ಇಟ್ಟಿಗೆಗೆಂಪಿನ ಹಸು. ಹಿಂದೆ ಇದ್ದಿಲಿನಂಥ ಕರು.

ಪುರೋಹಿತರು ಆರತಿ ತಟ್ಟೆ ಹಿಡಿದು ನಿಂತೇಬಿಟ್ಟರು. "ಇದು ಈ ತಾಯಿದೇ ಕರುನಾ? ಬೇರೆಯವಳದಾದ್ರೆ ಪೂಜೆ ಆಗಲ್ಲ."

"ಅಯ್ಯೋ, ಸಿಕ್ಕಿದ್ದನ್ನ ತುಂಬ್ಕೊಂಡು ಬಂದ್ರಾ ಮುರಿಗೆಪ್ಪನವರೇ?" ಕೋಕಿಲಾ ಅಳುವುದೊಂದು ಬಾಕಿ.

"ಇದರದ ಐತ್ರೀ ಅಕ್ಕಾರ. ಅಪ್ಪ ಕರಿ ಹೋರಿ. ಕರಿ ಬಣ್ಣ ಜೋರು, ಕೆಂಪನ್ನ ಮ್ಯಾಲ ಏಳಾಕ ಬಿಡೂದಿಲ್ಲ. ಅವ್ವನ ಕೆಂಪು ಕರುವಿನ ಒಳಗ ಐತಿ, ಕಾಣೂದಿಲ್ಲ ಅಷ್ಟ."

"ಅಷ್ಟು ಗ್ಯಾರಂಟಿ ಹೇಗ್ರೀ?" ಸತ್ಯಪ್ರಕಾಶ್ ಸಾಫ್ಟ್‌ವೇರ್ ಟೆಸ್ಟಿಂಗಿನವರು, ಬಿಡುವ ಪೈಕಿಯಲ್ಲ.

"ಹೋರಿ ಆರಿಸಿದವನ ನಾನ್ರೀ. ಕರಿ ಕರುಗಳಿಗೆ ಸಂತ್ಯಾಗ ರೇಟು ಜಾಸ್ತಿ..."

"ಹಾಲಿಗೆ ಬಣ್ಣ ಕಟ್ಕೊಂಡು ಏನಾಗ್ಬೇಕು?"

ಮುರಿಗೆಪ್ಪ ಕೈಯಲ್ಲಿದ್ದ ಹಗ್ಗ ನೋಡಿದರು. "ಹಾಲಿಗಲ್ರೀ."

ಮಾಂಸಕ್ಕೆ ಎಂಬ ಮಾತನ್ನು ಯಾರೂ ಆಡಲಿಲ್ಲ. ಯಾರಿಗೂ ಕೇಳಿಸದೆಯೂ ಇರಲಿಲ್ಲ. ತಲೆ ತಗ್ಗಿಸಿ ಶೂ ನೋಡಿಕೊಳ್ಳೋಣವೆಂದರೆ ಪೂಜೆಗೆಂದು ಎಲ್ಲರೂ ಬರಿಗಾಲು. ಮುರಿಗೆಪ್ಪನವರ ಕಿವಿ ಹಸುವಿನ ಬಣ್ಣಕ್ಕೆ ತಿರುಗಿತ್ತು.

ಕರುವಿಗೆ ಇದ್ಯಾವುದರ ಗೊಡವೆಯಿಲ್ಲ. ನೆಟ್ಟಗೆ ಹೋಗಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. "ತಾಯಿದೇ, ತಾಯಿದೇ" ಎಂದು ಪುರೋಹಿತರು ಅವಸರದಲ್ಲಿ ಮಂತ್ರ ಶುರುಮಾಡಿದರು. ಎರಡು ನಿಮಿಷ ಮೊದಲೇ ಅದಕ್ಕೆ ಹಸಿವಾಗಿದ್ದರೆ ಮುರಿಗೆಪ್ಪ ಬಾಯಿ ಬಿಡಬೇಕಿರಲಿಲ್ಲ.

ಪೂಜೆ ಮುಗಿಯಿತು. ಕರುವಿನ ಹಣೆಗೆ ಕುಂಕುಮವಿಟ್ಟ ಕೋಕಿಲಾ ಮೆಲ್ಲಗೆ ಕೇಳಿದರು: "ಇದನ್ನೂ... ಕಳಿಸಿಬಿಡ್ತಾರಾ?"

"ಇಲ್ರೀ ಅಕ್ಕಾರ. ಹೆಣ್ಣುಗರು ಐತಿ. ಫಾರ್ಮಿನಾಗ ಉಳೀತೈತಿ."

ಕೋಕಿಲಾ ಕಣ್ಣೊರೆಸಿಕೊಂಡು ಕರುವಿಗೆ ಇನ್ನೊಂದು ಬಾಳೆಹಣ್ಣು ತರಲು ಒಳಗೆ ಓಡಿದರು. ಅಷ್ಟರಲ್ಲಿ ಕರು ಹೊಟ್ಟೆಯ ನಡುವಿನಿಂದ ಉಚ್ಚೆಯ ಧಾರೆ ಬಿಟ್ಟಿತು. ದನ ಸಾಕಿದ ಮನೆಯಲ್ಲಿ ಬೆಳೆದವನಿಗೆ ಅದು ಗಂಡೆಂದು ತಿಳಿಯಲು ಇನ್ನೇನೂ ಬೇಕಿಲ್ಲ. ನಾನು ಅದನ್ನು ಗಮನಿಸಿದ್ದು ಮುರಿಗೆಪ್ಪನವರ ಕಣ್ಣಿಗೆ ಬಿತ್ತು.

ಈ ಸಲ ನನ್ನ ಬೆರಳನ್ನು ಜುಬ್ಬಾದ ಜೇಬಿನೊಳಗೆ ತುರುಕಿಕೊಂಡೆ. ಅವರು ನನಗೆ ಬೆನ್ನು ತಿರುಗಿಸಿ, ಟವೆಲಿನ ತುದಿಯಿಂದ ಕರುವಿನ ಹಣೆಯ ಕುಂಕುಮ ಒರೆಸತೊಡಗಿದರು.