ಬೀಗದಪ್ಪನ ಮೂರನೇ ಕೀಲಿ

ಹಳೇ ಬಸ್ ನಿಲ್ದಾಣದ ಪಕ್ಕ, ಕೊಡೆ ರಿಪೇರಿಯವನಿಗೂ ಗಡಿಯಾರ ರಿಪೇರಿಯವನಿಗೂ ನಡುವೆ, ಕಾಲು ಮಡಚಿ ಕೂತರೆ ಮೊಣಕಾಲು ಎರಡೂ ಗೋಡೆಗೆ ತಾಗುವಷ್ಟು ಅಗಲದ ಒಂದು ಅಂಗಡಿ. ಅದರಲ್ಲಿ ಇಪ್ಪತ್ತೆರಡು ವರ್ಷದಿಂದ ಬೀಗದಪ್ಪ ಕೂತಿದ್ದ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಯಾರೂ ಕರೆಯದೆ ಅದು ಓಟಿನ ಚೀಟಿಯಲ್ಲಿ ಸುಖವಾಗಿ ಮಲಗಿತ್ತು.

ಬೀಗ ರಿಪೇರಿ, ಕಳೆದ ಕೀಲಿಗೆ ಬದಲು ಕೀಲಿ, ಇಷ್ಟೇ ಅವನ ಕೆಲಸ. ಆದರೆ ಒಂದು ಗುಣವಿತ್ತು. ಕೀಲಿಯನ್ನು ಒಂದು ಸಲ ನೋಡಿದರೆ ಸಾಕು, ಅದರ ಹಲ್ಲುಗಳೆಲ್ಲ ತಲೆಯಲ್ಲಿ ಅಚ್ಚಾಗಿ ಕೂರುತ್ತಿದ್ದವು. ಹೆಂಡತಿ ಹೇಳಿದ ಸಾಮಾನಿನ ಪಟ್ಟಿ ಮಾತ್ರ ಬೀದಿ ಮೂಲೆ ದಾಟುವುದರೊಳಗೆ ಮರೆಯುತ್ತಿತ್ತು. ಊರಿನ ಅರ್ಧ ಮನೆಗಳ ಕೀಲಿ ಅವನ ತಲೆಯಲ್ಲಿತ್ತು, ಆದರೂ ಒಂದು ಮನೆಯ ಹೊಸ್ತಿಲನ್ನೂ ಅವನು ಕರೆಯದೆ ದಾಟಿದವನಲ್ಲ. ಅಂಥ ಸಭ್ಯ. ಸಭ್ಯತೆಯೆಲ್ಲ ಊರವರ ಮನೆಗೇ ಖರ್ಚಾಗಿ, ತನ್ನ ಮನೆಗೆ ಅಂತ ಒಂದು ಚೂರೂ ಉಳಿದಿರಲಿಲ್ಲ.

ಅವನಿಗಿದ್ದದ್ದು ಒಬ್ಬಳೇ ಮಗಳು, ಪುಟ್ಟಿ. ಮೂರನೇ ವಯಸ್ಸಿನಿಂದ ಅಪ್ಪನ ಅಂಗಡಿಯಲ್ಲಿ ತಿರುಪು ಆರಿಸುತ್ತಾ ಬೆಳೆದವಳು. ಕಳೆದ ಆರು ತಿಂಗಳಿಂದ ಅವಳ ಮಾತು ಕಡಿಮೆಯಾಗಿತ್ತು. "ಏನೋದ್ತಿದೀಯಾ?" ಅಂದರೆ "ಪುಸ್ತಕ." "ಯಾರ ಫೋನು?" ಅಂದರೆ "ಫ್ರೆಂಡು." ಅಪ್ಪ ಒಳಗೆ ಬಂದರೆ ತನ್ನ ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಹಾಕುತ್ತಿದ್ದಳು. ಜಗತ್ತಿನ ಬೀಗಗಳನ್ನೆಲ್ಲ ಬಿಚ್ಚಿದವನಿಗೆ ಆ ಮುಚ್ಚಳ ಒಂದು ಕೊರೆಯುವ ಹುಣ್ಣಾಯಿತು.

ಅಷ್ಟರಲ್ಲಿ ಬಸ್ಸಿನಲ್ಲಿ ಮೂರು ಗಂಟೆ ದೂರದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ಲಿನಲ್ಲೇ ಇರಬೇಕು. ಹಾಸ್ಟೆಲ್ಲಿನ ನಿಯಮ ಹೀಗಿತ್ತು: ಪೆಟ್ಟಿಗೆಗೆ ಬೀಗ ಕಡ್ಡಾಯ, ಒಂದು ಕೀಲಿ ಹುಡುಗಿಯ ಹತ್ತಿರ, ಇನ್ನೊಂದು ಅಂಟಿಸಿದ ಲಕೋಟೆಯಲ್ಲಿ ವಾರ್ಡನ್ ಹತ್ತಿರ. ತಂದೆತಾಯಿಗೆ ಕೀಲಿ ಇಲ್ಲ.

"ಹೆತ್ತವರಿಗಿಂತ ವಾರ್ಡನ್ ಹೆಚ್ಚಾ?" ಅಂತ ಬೀಗದಪ್ಪ ಎರಡು ದಿನ ಗೊಣಗಿದ. ಮೂರನೇ ದಿನ ಗೊಣಗು ನಿಲ್ಲಿಸಿ ಕೆಲಸಕ್ಕೆ ಕೂತ. ಅಂಗಡಿಯಲ್ಲಿ ಕೊಂಡ ಬೀಗ ನಂಬುವುದು ಅವನ ಜಾಯಮಾನವಲ್ಲ. ಹಿತ್ತಾಳೆಯಲ್ಲಿ ತಾನೇ ಒಂದು ಬೀಗ ಮಾಡಿದ. ಒಳಗೆ ಮೂರು ಪುಟ್ಟ ತಗಡು. ಕೀಲಿಯ ಒಂದೊಂದು ಹಲ್ಲು ಒಂದೊಂದು ತಗಡನ್ನು ಎತ್ತಬೇಕು. ಮೂರೂ ಸರಿಯಾದ ಎತ್ತರಕ್ಕೆ ಎದ್ದರೆ ಬೀಗ ತೆರೆಯುತ್ತದೆ, ಒಂದು ಕೂದಲೆಳೆ ತಪ್ಪಿದರೂ ಜಪ್ಪಯ್ಯ ಅಂದರೂ ಇಲ್ಲ. ಮಗಳ ಕೈಗೆ ಎರಡು ಕೀಲಿ ಕೊಟ್ಟ. ಮೂರನೆಯದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ. ನೋಡುವುದಕ್ಕಲ್ಲ, ಛೆ ಛೆ. ಅಕಸ್ಮಾತ್ ಬೇಕಾದರೆ ಅಂತ. ಬೆಕ್ಕು ಹಾಲಿನ ಪಾತ್ರೆಯ ಪಕ್ಕ ಮಲಗುವುದೂ ಅಕಸ್ಮಾತ್ ಬೇಕಾದರೆ ಅಂತಲೇ.

ಹೊರಡುವ ಹಿಂದಿನ ವಾರ ಅವನ ಸಣ್ಣ ಅರ, ಕೀಲಿ ಉಜ್ಜುವ ಆಯುಧ, ಇಟ್ಟ ಜಾಗದಲ್ಲಿರಲಿಲ್ಲ. ಬೀಗದ ತಗಡುಗಳ ಡಬ್ಬಿಯ ಕೆಳಗಿತ್ತು.

"ನನ್ನ ಅರ ಯಾರು ಮುಟ್ಟಿದ್ದು?" ಅಂತ ಹೆಂಡತಿಯ ಮೇಲೆ ಹಾರಾಡಿದ.

"ಹೌದ್ರೀ, ನಾನೇ. ಈರುಳ್ಳಿ ಹೆಚ್ಚೋಕೆ ತಗೊಂಡಿದ್ದೆ," ಅಂದಳು ಅವಳು.

ಪುಟ್ಟಿ ತಲೆ ತಗ್ಗಿಸಿ ಉಗುರು ಕೆರೆಯುತ್ತಾ ಕೂತಿದ್ದಳು. ಉಗುರಿನ ಸಂದಿಯಲ್ಲಿ ಹಳದಿ ಪುಡಿ ಮಿನುಗುತ್ತಿತ್ತು. ಊರಿನ ಕೀಲಿಗಳನ್ನೆಲ್ಲ ಒಂದೇ ನೋಟದಲ್ಲಿ ಓದುವ ಬೀಗದಪ್ಪನಿಗೆ ಅದು ಕಾಣಲಿಲ್ಲ.

ಕಾಲೇಜಿನ ಮೊದಲ ದಿನ. ಪ್ರಿನ್ಸಿಪಾಲರು ಮುಕ್ಕಾಲು ಗಂಟೆ ಮಾತಾಡಿ, "ನಿಮ್ಮ ಮಕ್ಕಳನ್ನು ನಂಬಿ" ಅಂದರು. ತಂದೆತಾಯಿಗಳೆಲ್ಲ ಜೋರಾಗಿ ಚಪ್ಪಾಳೆ ತಟ್ಟಿ ಒಬ್ಬರೂ ನಂಬಲಿಲ್ಲ. ಆಮೇಲೆ ಹುಡುಗಿಯರು ಗುರುತಿನ ಚೀಟಿಗೆ ಫೋಟೊ ತೆಗೆಸಿಕೊಳ್ಳಲು ಸಾಲಿಗೆ ಹೋದರು, ಅವರ ಕೈಚೀಲಗಳು ಹೆತ್ತವರ ಮಡಿಲಿಗೆ ಬಂದವು. ಹಾಸ್ಟೆಲ್ಲಿನ ಹಜಾರದಲ್ಲಿ, ಒಂದು ಕಾಲು ಕುಂಟುವ ಬೆಂಚಿನ ಮೇಲೆ, ಬೀಗದಪ್ಪ ದಂಪತಿಗಳ ಜೊತೆ ಇನ್ನೂ ಮೂವರು ಕೂತರು. ಒಬ್ಬಳು ಆಸ್ಪತ್ರೆಯ ನರ್ಸಮ್ಮ. ಒಬ್ಬ ಬಸ್ ಡ್ರೈವರ್. ಇನ್ನೊಬ್ಬರು ಮೇಷ್ಟ್ರು. ಮೂವರಿಗೂ ಪುಟ್ಟಿಯ ಕೋಣೆಗೇ ಬಂದ ಒಬ್ಬೊಬ್ಬಳು ಮಗಳು, ಮೂವರ ಎದೆಯ ಮೇಲೂ ಒಂದೊಂದು ಕಲ್ಲು.

"ನನ್ ಮಗಳಿಗೆ ನೆಗಡಿ ಬಂದ್ರೆ ಯಾರು ನೋಡ್ತಾರೆ?" ಅಂದಳು ನರ್ಸಮ್ಮ. "ಹದಿನಾಲ್ಕು ಬಾಟ್ಲಿ ಔಷಧಿ ಕಟ್ಟಿದೀನಿ, ಚೀಟಿ ಅಂಟಿಸಿ."

"ಏನಾಗಿದೆಯಮ್ಮಾ ಮಗೂಗೆ?" ಬೀಗದಪ್ಪನ ಹೆಂಡತಿ ಗಾಬರಿಯಾದಳು.

"ಇದುವರೆಗೂ ಏನೂ ಆಗಿಲ್ಲ. ಅದೇ ಭಯ."

ಡ್ರೈವರ್ ಉಸಿರು ಬಿಟ್ಟ. "ನಂದು ಅದಲ್ಲ ತಂಗೀ. ಗೇಟಿನ ಮುಂದೇನೇ ರಸ್ತೆ. ಬಸ್ಸಿನವರು ಎಂಥಾ ಸ್ಪೀಡಲ್ಲಿ ಬರ್ತಾರೆ ನೋಡಿದ್ರಾ? ದೇವರಾಣೆ, ಒಬ್ಬನಿಗೂ ಕರುಣೆ ಇಲ್ಲ." ಇಪ್ಪತ್ತು ವರ್ಷದಿಂದ ಅದೇ ರಸ್ತೆಯಲ್ಲಿ ಬಸ್ ಓಡಿಸುತ್ತಿದ್ದವನು ಅವನೇ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನೋಡಿ, ಮಕ್ಕಳಿಗೆ ಸ್ವಾತಂತ್ರ್ಯ ಕೊಡಬೇಕು. ನಾನು ಪ್ರತಿ ವರ್ಷ ಪೋಷಕರ ಸಭೇಲಿ ಇದನ್ನೇ ಹೇಳೋದು."

"ನಿಮ್ ಮಗಳಿಗೆ ಕೊಟ್ಟಿದೀರಾ ಮೇಷ್ಟ್ರೇ?"

"ಕೊಟ್ಟಿದೀನಿ ಅಣ್ಣಾ. ದಿನಕ್ಕೆ ನಾಲ್ಕೇ ಸಲ ಫೋನ್ ಮಾಡು ಅಂದಿದೀನಿ."

"ನಿಮ್ಮದೇನು ಕೆಲಸ ಯಜಮಾನ್ರೇ?" ನರ್ಸಮ್ಮ ಬೀಗದಪ್ಪನ ಕಡೆ ತಿರುಗಿದಳು.

"ಬೀಗ ರಿಪೇರಿ. ಕೀಲಿ ಮಾಡಿಕೊಡ್ತೀನಿ."

ಮೂವರೂ ಅವನ ಮಡಿಲಿನಲ್ಲಿದ್ದ ಆಯುಧದ ಚೀಲವನ್ನು ನೋಡಿದರು. ಮದುವೆ ಮನೆಗೆ ಹೋಗುವಾಗಲೂ ಆ ಚೀಲವಿಲ್ಲದೆ ಅವನು ಹೊರಟವನಲ್ಲ. ನೋಡಿ ಮೂವರೂ ಬೇರೆ ಬೇರೆ ಕಿಟಕಿಯ ಕಡೆ ಮುಖ ತಿರುಗಿಸಿದರು.

ಬೀಗದಪ್ಪನಿಗೆ ಅದನ್ನು ಗಮನಿಸುವ ವ್ಯವಧಾನವಿರಲಿಲ್ಲ. ಮಗಳು ಸಾಲಿನಲ್ಲಿದ್ದಾಳೆ, ಬರಲು ಅರ್ಧ ಗಂಟೆ. ಇಂಥ ಅರ್ಧ ಗಂಟೆ ಮತ್ತೆ ಸಿಗದು. "ಹಾಸಿಗೆ ಸರಿಮಾಡಿ ಬರ್ತೀನಿ," ಅಂದ.

"ಬೆಳಗ್ಗೇನೇ ಮಾಡಿಯಾಯ್ತಲ್ಲ?" ಅಂದಳು ಹೆಂಡತಿ.

"ದಿಂಬು ಸರಿಯಾಗಿಟ್ಟಿಲ್ಲ."

ಎರಡನೇ ಮಹಡಿಯ ಕೋಣೆಯಲ್ಲಿ ನಾಲ್ಕು ಮಂಚ, ಒಂದು ಕಿಟಕಿ, ಸುಣ್ಣದ ವಾಸನೆ. ಮಂಚದ ಕೆಳಗಿಂದ ಪುಟ್ಟಿಯ ಪೆಟ್ಟಿಗೆ ಎಳೆದ. ಅವಳಿಗೆ ಗೊತ್ತಾದರೆ? ಈಗ ಒಂದೊಂದು ಪದವನ್ನಾದರೂ ಆಡುತ್ತಾಳೆ, ಆಮೇಲೆ ಅದೂ ನಿಂತೀತು. ಊರಿಗೆ ಬರುವುದನ್ನೇ ಬಿಟ್ಟಾಳು. ಇಷ್ಟೆಲ್ಲ ಯೋಚಿಸಿ, ಯೋಚಿಸಿದವನು ಬೇರೆ ಯಾರೋ ಅನ್ನುವ ಹಾಗೆ, ಕೀಲಿ ತೂರಿಸಿ ತಿರುಗಿಸಿದ.

ತಿರುಗಲಿಲ್ಲ.

ಉಸಿರೂದಿ, ಅಂಗಿಗೆ ಒರೆಸಿ ಮತ್ತೆ ಹಾಕಿದ. ಬೆರಳ ತುದಿಗೆ ಗೊತ್ತಾಯಿತು: ನಡುವಿನ ತಗಡು ಏಳುತ್ತಿದೆ, ಆಚೀಚಿನ ಎರಡು ಏಳುತ್ತಿಲ್ಲ. ಅವು ತಾನು ಕೂರಿಸಿದ ತಗಡುಗಳಲ್ಲ. ಬೀಗವನ್ನು ತಲೆಕೆಳಗು ಮಾಡಿ ನೋಡಿದ. ತಳದ ತಿರುಪಿನ ನೆತ್ತಿಯಲ್ಲಿ ಸಣ್ಣ ಗೀರು. ಯಾರೋ ಬಿಚ್ಚಿ, ಡಬ್ಬಿಯಿಂದ ಬೇರೆ ತಗಡು ಆರಿಸಿ ಹಾಕಿ, ಅದಕ್ಕೆ ತಕ್ಕ ಹಾಗೆ ಹೊಸ ಕೀಲಿ ಉಜ್ಜಿಕೊಂಡಿದ್ದಾರೆ. ಯಾರು ಅಂತ ಕೇಳಲು ಪೊಲೀಸರೇನೂ ಬೇಕಿರಲಿಲ್ಲ. ಗುರುವಿಗೇ ತಿರುಮಂತ್ರ!

ಮೊದಲು ಸಿಟ್ಟು ಬಂತು. ಅದರ ಹಿಂದೆಯೇ, ಕರೆಯದೆ, ಹೆಮ್ಮೆಯೂ ಬಂತು. ಎರಡು ತಗಡು ಬದಲಾಯಿಸುವುದು ಅವನ ಕೈಕೆಳಗೆ ಕಲಿತ ಇಬ್ಬರು ಗಂಡಾಳುಗಳಿಗೂ ಬಂದಿರಲಿಲ್ಲ.

ಹಾಗಂತ ಬೀಗ ತೆರೆಯಲಾಗದು ಅಂತಲ್ಲ. ಚೀಲದಲ್ಲಿ ಕೊಕ್ಕೆಕಂಬಿ ಇತ್ತು. ಅವನ ಕೈಗೆ ಅದು ಮೂರು ಉಸಿರಿನ ಕೆಲಸ. ಕಂಬಿ ತೆಗೆದ. ಬೀಗದ ಬಾಯಿಗೆ ತಂದ. ಅಲ್ಲಿ ಕೈ ನಿಂತಿತು. ಕೀಲಿ ಹಾಕಿ ತೆಗೆದರೆ ಅಪ್ಪ. ಕಂಬಿ ಹಾಕಿ ತೆಗೆದರೆ ಕಳ್ಳ. ಇಪ್ಪತ್ತೆರಡು ವರ್ಷ ಊರಿನ ಬಾಗಿಲಲ್ಲಿ ಕಾಯ್ದುಕೊಂಡ ಹೆಸರನ್ನು ಮಗಳ ಮಂಚದ ಕೆಳಗೆ ಕಳೆಯುವುದೇ? ಕಂಬಿ ಚೀಲಕ್ಕೆ ಹೋಯಿತು, ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಬಂದದ್ದಕ್ಕೆ ಅಂತ ದಿಂಬನ್ನು ಒಂದು ಸಲ ಸರಿಮಾಡಿದ.

ಕೆಳಗೆ ಮೆಟ್ಟಿಲ ಬುಡದಲ್ಲೇ ನರ್ಸಮ್ಮ ಕಾದಿದ್ದಳು. ಮುಷ್ಟಿ ಬಿಚ್ಚಿದರೆ ಮಗಳ ಕೈಚೀಲದಿಂದ ತೆಗೆದ ಕೀಲಿ.

"ಯಜಮಾನ್ರೇ, ಇದರದ್ದೊಂದು... ತಪ್ಪು ತಿಳೀಬೇಡಿ. ಔಷಧಿ ಕುಡಿದಿದಾಳೋ ಇಲ್ವೋ ನೋಡೋಕೆ ಅಷ್ಟೇ."

ಅವಳ ಹಿಂದೆ ಡ್ರೈವರ್. "ನಂಗೂ ಒಂದು ಅಣ್ಣಾ. ನಾಳೆ ಇವಳೇ ಕಳ್ಕೊಂಡ್ರೆ?"

ಡ್ರೈವರ್ ಹಿಂದೆ ಸ್ವಾತಂತ್ರ್ಯದ ಮೇಷ್ಟ್ರು. ಅವರು ಕೀಲಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. "ನಾನು ಉಪಯೋಗಿಸೋದಿಲ್ಲ. ತತ್ವಕ್ಕೆ ವಿರುದ್ಧ. ಸುಮ್ನೆ ಇರ್ಲಿ ಅಂತ."

ಬೀಗದಪ್ಪ ಮೂವರ ಮುಖವನ್ನೂ ನೋಡಿದ. ಒಂದು ಗಳಿಗೆ ಮುಂಚೆ ಇದ್ದ ತನ್ನ ಮುಖವೇ ಮೂರು ಸಲ ಎದುರಿಗೆ ನಿಂತಿತ್ತು, ಅಷ್ಟೇನೂ ಚೆನ್ನಾಗಿರಲಿಲ್ಲ. ಬೇಡ ಅಂದರೆ ಬೇರೆ ಬೀಗದವನನ್ನು ಹುಡುಕಿಯಾರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಹಲ್ಲು ಕೊರೆಯದ ಮೂರು ಕೀಲಿ ತೆಗೆದು, ಅರ ಹಿಡಿದ. ಕಿರ್ರ್ ಕಿರ್ರ್. ಮೂವರೂ ಗೇಟಿನ ಕಡೆ ಕಣ್ಣಿಟ್ಟು ಕಾವಲು ನಿಂತರು. ಕಾಲು ಗಂಟೆಯಲ್ಲಿ ಮೂರು ಕೀಲಿ ಆಯಿತು.

"ಎಷ್ಟು ಕೊಡ್ಲಿ?" ಅಂದ ಡ್ರೈವರ್.

"ಈ ಕೆಲ್ಸಕ್ಕೆ ದುಡ್ಡು ತಗೋಬಾರ್ದು," ಅಂದ ಬೀಗದಪ್ಪ. ಎಂಥ ದೊಡ್ಡ ಮನುಷ್ಯ ಅಂತ ಮೂವರೂ ಕೈಮುಗಿದು ಬೆಂಚಿಗೆ ಹೋದರು.

ಅರ ಒರೆಸುತ್ತಾ ತಲೆ ಎತ್ತಿದರೆ ಹತ್ತು ಹೆಜ್ಜೆ ದೂರದಲ್ಲಿ ಪುಟ್ಟಿ. ಪಕ್ಕದಲ್ಲಿ ಅವಳಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಮೂರು ಜನಕ್ಕೂ ಮಾಡ್ಕೊಟ್ಯಾ?" ಅಂದಳು ಪುಟ್ಟಿ. ಧ್ವನಿ ತಣ್ಣಗಿತ್ತು.

"ಮಾಡ್ಕೊಟ್ಟೆ."

"ಚೆನ್ನಾಗಿದೆ ಅಪ್ಪ. ನಾಳೆಯಿಂದ ನಮ್ ಕೋಣೇಲಿ ಬೀಗ ಹಾಕೋದೇ ಬೇಡ, ಪರದೆ ಕಟ್ಕೊಂಡ್ರೆ ಸಾಕು."

"ಯಾವುದೂ ತಿರುಗೋಲ್ಲ ಕಣೇ," ಬೀಗದಪ್ಪ ಪಿಸುಗುಟ್ಟಿದ. "ಒಂದೊಂದರಲ್ಲೂ ಒಂದು ಹಲ್ಲು ಕೂದಲೆಳೆ ಎತ್ತರ ಬಿಟ್ಟಿದೀನಿ."

ಪುಟ್ಟಿ ಕಣ್ಣು ಮಿಟುಕಿಸಿದಳು. ನಗು ಬಂದದ್ದನ್ನು ಕೆನ್ನೆಯೊಳಗೇ ಹಿಡಿದಳು. "ನಿಂದು ತಿರುಗ್ತಾ?"

"ಯಾವುದು?"

"ಒಳಜೇಬಲ್ಲಿರೋದು."

ಹೆಂಡತಿ ಬೀಗದಪ್ಪನ ಜೇಬನ್ನೇ ನೋಡಿದಳು. ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತಾನಾಗಿ ಎದೆಗೆ ಹೋಯಿತು. ಇನ್ನು ಸುಳ್ಳಿಗೆ ಜಾಗವಿರಲಿಲ್ಲ.

"ಇಲ್ಲ," ಅಂದ. "ತಿರುಗ್ಲಿಲ್ಲ."

"ಕಂಬಿ ಇತ್ತಲ್ಲ?"

"ಇತ್ತು. ಹಾಕ್ಲಿಲ್ಲ."

ಪುಟ್ಟಿ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು, ಹಳೇ ಬೀಗವನ್ನು ಅವನು ನೋಡುವ ಹಾಗೆಯೇ. ಆಮೇಲೆ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಳು.

"ನಾನು ಮಾಡಿದ ಕೀಲಿ ಸ್ವಲ್ಪ ಸಿಕ್ಕಾಕೊಳ್ಳುತ್ತೆ ಅಪ್ಪ. ತಿರುಗಿಸಿದ್ರೆ ಕರಕರ ಅನ್ನುತ್ತೆ."

"ಅಂಚು ಒರಟಾಗಿ ಬಿಟ್ಟಿರ್ತೀಯ. ಕೊಡಿಲ್ಲಿ, ಉಜ್ಜಿಕೊಡ್ತೀನಿ," ಅಂದುಬಿಟ್ಟ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಒಂದು ಸಲ ನೋಡಿದರೆ ಮುಗಿಯಿತು. ಸಂಜೆಯೊಳಗೆ ಅಂಥದ್ದೇ ಇನ್ನೊಂದು ಮಾಡಬಲ್ಲ, ಅದು ಅವಳಿಗೂ ಗೊತ್ತು.

ಪುಟ್ಟಿ ಕೊರಳಿನ ದಾರದಿಂದ ಕೀಲಿ ಬಿಚ್ಚಿ ಅಪ್ಪನ ಅಂಗೈಯಲ್ಲಿಟ್ಟಳು.

ಬೀಗದಪ್ಪ ಕತ್ತನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಬರೀ ಕೈಯಳತೆಯಲ್ಲಿ ಉಜ್ಜತೊಡಗಿದ. ಎರಡು ಸಲ ಬೆರಳು ತರಚಿತು.

"ಏನ್ರೀ ಅದು, ಕಣ್ಣಿಗೆ ಧೂಳು ಬಿತ್ತಾ?" ಅಂದಳು ಹೆಂಡತಿ.

"ಸುಮ್ನಿರೇ."

ಪುಟ್ಟಿ ಈಗ ನಕ್ಕೇಬಿಟ್ಟಳು. "ಕಣ್ಣು ಮುಚ್ಚಿ ಏನು ಬಂತಪ್ಪ? ನಿನ್ನ ಹೆಬ್ಬೆರಳಿಗೆ ಬೇರೆ ಎರಡು ಕಣ್ಣಿವೆ."

ಅರ ನಿಂತಿತು. ನಿಜ. ಮೂರೂ ಹಲ್ಲಿನ ಎತ್ತರ ಹೆಬ್ಬೆರಳಿಗೆ ಆಗಲೇ ಬಾಯಿಪಾಠವಾಗಿತ್ತು.

"ಗೊತ್ತಿದ್ದೂ ಕೊಟ್ಯಾ?"

"ಗೊತ್ತಿದ್ದೇ ಕೊಟ್ಟೆ. ನೀನು ಮಾಡ್ಕೊಳ್ಳೋಲ್ಲ."

"ಹೇಗೆ ಹೇಳ್ತೀಯಾ?"

"ಮಾಡ್ಕೊಂಡ್ರೂ ಪೆಟ್ಟಿಗೇಲಿ ನಿನಗೆ ಏನೂ ಸಿಗೋಲ್ಲ. ಎರಡು ಪುಸ್ತಕ, ಒಂದು ಟವೆಲ್ಲು, ಅಮ್ಮ ಕಟ್ಟಿದ ತಿಂಡಿ."

"ಮತ್ತೆ ಇಷ್ಟು ಕಷ್ಟಪಟ್ಟು ಬೀಗ ಯಾಕೆ ಬದಲಾಯಿಸ್ದೆ?"

"ಏನೂ ಇಲ್ಲ ಅನ್ನೋದೂ ನಂದೇ ಗುಟ್ಟಪ್ಪ."

ಬೀಗದಪ್ಪ ಕೀಲಿ ಒರೆಸಿ ವಾಪಸು ಕೊಟ್ಟ. ತಿರುಗದ ಕೀಲಿಯನ್ನು ಒಳಜೇಬಿನಿಂದ ತೆಗೆದು ಅದನ್ನೂ ಅವಳ ಕೈಗೇ ಹಾಕಿದ. ಅವಳು ಅದನ್ನು ತಿರುಗಿಸಿ ನೋಡಿ, "ಕೆಲ್ಸ ಚೆನ್ನಾಗಿದೆ," ಅಂದಳು, ದೊಡ್ಡ ಮೇಸ್ತ್ರಿಯ ಹಾಗೆ.

ತಿಂಗಳು ಕಳೆದು, ಹೆತ್ತವರನ್ನು ಕೋಣೆಗೆ ಬಿಡುವ ಭಾನುವಾರ ಬಂತು. ಅದೇ ಹಜಾರ, ಅದೇ ಕುಂಟು ಬೆಂಚು. ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಡ್ರೈವರಿನ ಕೀಲಿ ಗೊಂಚಲಿನಲ್ಲಿ ಒಂದು ಕೀಲಿ ಬಿಲ್ಲಿನ ಹಾಗೆ ಬಾಗಿತ್ತು. ನರ್ಸಮ್ಮ ಬೀಗದಪ್ಪನನ್ನು ಕಂಡೊಡನೆ ಏನೋ ಕೇಳಲು ಬಾಯಿ ತೆರೆದು, ಮಗಳು ಪಕ್ಕದಲ್ಲೇ ಇದ್ದದ್ದು ನೆನಪಾಗಿ, ಆಕಳಿಸಿದಳು. ಯಾರೂ ದೂರಲಿಲ್ಲ. ದೂರುವುದಾದರೂ ಏನಂತ?

"ಬೆರಳಿಗೇನಾಯ್ತು ಮೇಷ್ಟ್ರೇ?" ಬೀಗದಪ್ಪ ಬಹಳ ಕಾಳಜಿಯಿಂದ ವಿಚಾರಿಸಿದ.

"ಸೀಮೆಸುಣ್ಣ ಚುಚ್ಚಿತು," ಅಂದರು ಮೇಷ್ಟ್ರು.

"ಜೋಪಾನ," ಅಂದ ಬೀಗದಪ್ಪ. ಮೆಟ್ಟಿಲಿಳಿದು ಬಂದ ಪುಟ್ಟಿ ಅವನ ಪಕ್ಕದಲ್ಲಿ ಕೂತು, ಕೇಳದೆಯೇ, ತನ್ನ ತಿಂಗಳ ಕತೆ ಹೇಳಲು ಶುರುಮಾಡಿದಳು. ಎಷ್ಟು ಹೇಳಿದಳೆಂದರೆ, ಕೊನೆಯ ಬಸ್ಸಿಗೆ ಹೊತ್ತಾಗುತ್ತೆ ಅಂತ ಅವನೇ ನಡುವೆ ಬಾಯಿ ಹಾಕಬೇಕಾಯಿತು.