ಸೇಟರು ಹೇಳದ ಮಾತು

ಸಿದ್ದಯ್ಯನಿಗೆ ಮನೆ ಕೊಡುವುದಿಲ್ಲವೆಂದು ಆದಂ ಸೇಟರು ಹೇಳಿರಲಿಲ್ಲ. ತನಗೆ ಮನೆ ಬೇಡವೆಂದು ಸಿದ್ದಯ್ಯನೂ ಹೇಳಿರಲಿಲ್ಲ. ಆ ಎರಡು ಮಾತನ್ನೂ ಹುಟ್ಟಿಸಿದವನು ನಾನು. ಇಬ್ಬರೂ ನನ್ನನ್ನು ನಂಬಿದರು. ನಂಬಿಕೊಂಡೇ ಸತ್ತರು — ಒಬ್ಬರು ಕರಾಚಿಯಲ್ಲಿ, ಒಬ್ಬ ಮಳವಳ್ಳಿಯ ಆಚೆ ಒಂದು ಹಳ್ಳಿಯಲ್ಲಿ.

ನಾನು ದುದ್ದದ ಕಡೆಯವನು, ಒಕ್ಕಲು ಮನೆತನದವನು. ಹೈಸ್ಕೂಲು ಮುಗಿಸಿ ಯುದ್ಧ ಶುರುವಾದ ವರ್ಷ ಮಂಡ್ಯದಲ್ಲಿ ಸೇಟರ ಹತ್ತಿರ ರೈಟರ್ ಆಗಿ ಸೇರಿದೆ. ಸೇಟರು ಕಛ್ ಕಡೆಯ ಮುಸಲ್ಮಾನರು. ಹುಡುಗರಾಗಿದ್ದಾಗ ಊರಲ್ಲಿ ಬರ ಬಿದ್ದು ಬೊಂಬಾಯಿಗೆ ಬಂದು, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಬಟ್ಟೆಗಂಟು ಹೊತ್ತು ಮದ್ದೂರಿಗೆ ಬಂದವರು. ಮದ್ದೂರಿನಲ್ಲಿ ಯಾರೂ ಬಾಡಿಗೆಗೆ ಒಂದು ಕೋಣೆ ಕೊಡದೆ ಎಂಟು ತಿಂಗಳು ರೈಲ್ವೆ ಸ್ಟೇಷನ್ನಿನ ಜಗಲಿಯಲ್ಲಿ ಮಲಗಿದ್ದರಂತೆ. ಅದನ್ನು ನಗುತ್ತಾ ಹೇಳುತ್ತಿದ್ದರು. "ಪುಟ್ಸಾಮಿ, ಕಾಯಿಲೆ ಬಂದ್ರೆ ಔಷಧಿ ಕೊಟ್ರು. ಹಸಿವಾದ್ರೆ ಮುದ್ದೆ ಕೊಟ್ರು. ಒಳ್ಳೆ ಜನ. ಬಾಗಿಲು ಮಾತ್ರ ಕೊಡಲಿಲ್ಲ."

ಆಮೇಲೆ ಅವರು ಮಾಡಿದ್ದೆಲ್ಲ ಬಾಗಿಲಿನ ಕೆಲಸವೇ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದು, ನಾಲೆಯಲ್ಲಿ ನೀರು ಬಂದು, ಜನ ನಾಲ್ಕು ದಿಕ್ಕಿನಿಂದ ಬರತೊಡಗಿದಾಗ ಅವರು ಊರಾಚೆಯ ಬೀಳು ಜಮೀನು ಕೊಂಡು, ರಸ್ತೆ ಬಿಟ್ಟು, ಸಾಲು ಮನೆ ಕಟ್ಟಿಸಿದರು. ದಿಕ್ಕಿಲ್ಲದ ಹೆಂಗಸರಿಗೆಂದು ಹೆರಿಗೆ ಮನೆ ಕಟ್ಟಿಸಿದರು. ಸಂತೆಗೆ ಬರುವ ದನಗಳಿಗೆ ಕಲ್ಲಿನ ನೀರುತೊಟ್ಟಿ ಮಾಡಿಸಿದರು. ಅಕ್ಕಿ ಸಿಗದ ಕಾಲದಲ್ಲಿ ಅವರ ಅಂಗಳದಲ್ಲಿ ಗಂಜಿ ಬೇಯುತ್ತಿತ್ತು. ಕನ್ನಡ ಓದಲು ಅವರಿಗೆ ಬರುತ್ತಿರಲಿಲ್ಲ, ಹಳ್ಳಿಯವರ ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಆದ್ದರಿಂದ ಅವರ ಜೊತೆ ಯಾವಾಗಲೂ ನಾನು. ಅವರ ಮಾತನ್ನು ಜನಕ್ಕೆ, ಜನದ ಮಾತನ್ನು ಅವರಿಗೆ —

ಸಿದ್ದಯ್ಯ ಗಾರೆಯವನು. ಊರ ಹೊರಗಿನ ಕೇರಿಯವನು. ಆ ಕಾಲದ ನಮ್ಮ ಕಣ್ಣಿಗೆ ಮುಟ್ಟಬಾರದವನು. ಯುದ್ಧದಿಂದಾಗಿ ಸಿಮೆಂಟು ಸಿಗುತ್ತಿರಲಿಲ್ಲ, ಸುಣ್ಣದ ಗಾರೆ ಬಲ್ಲವರೇ ಗತಿ. ಅವನು ಸುಣ್ಣವನ್ನು ಬೆರಳಲ್ಲಿ ಉಜ್ಜಿ ನೋಡಿಯೇ "ಇನ್ನೂ ಎರಡ್ದಿನ ಕೊಳೀಲಿ" ಎನ್ನುತ್ತಿದ್ದ. ಅವನು ಎಬ್ಬಿಸಿದ ಗೋಡೆಯಲ್ಲಿ ಇವತ್ತಿಗೂ ಒಂದು ಬಿರುಕಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ಅವನು ನನ್ನನ್ನು "ಬುದ್ಧಿ" ಎನ್ನುತ್ತಿದ್ದ, ನಾನು "ಲೇ" ಎನ್ನುತ್ತಿದ್ದೆ. ಬರೆಯುವಾಗ ಈಗಲೂ ಏಕವಚನವೇ ಬರುತ್ತಿದೆ — ತಿದ್ದಿ ದೊಡ್ಡವನಾಗುವ ಆಟ ಬೇಡವೆಂದು ಹಾಗೇ ಬಿಟ್ಟಿದ್ದೇನೆ.

ಒಂದು ದಿನ ಸೇಟರು ಅವನನ್ನು ಕೇಳಿದರು: "ಸಿದ್ದಯ್ಯ, ಇಲ್ಲಿವರೆಗೆ ಎಷ್ಟು ಮನೆ ಕಟ್ಟಿದೀಯ?"

"ಎಣ್ಸಿಲ್ಲ ಸೇಟ್ರೇ. ಕಟ್ಟಿ ಮುಗುದ್ಮೇಲೆ ನಮ್ಮ ಒಳೀಕೇ ಬುಡಾಕಿಲ್ವಲ್ಲ, ಎಣ್ಸಿ ಏನ್ ಮಾಡಾನ?"

ಆಳುಗಳೆಲ್ಲ ನಕ್ಕರು, ಸಿದ್ದಯ್ಯನೂ ನಕ್ಕ. ಸೇಟರು ನಗಲಿಲ್ಲ. ಆಗ ಶಾಲೆಯ ಎದುರಿಗೆ ಹನ್ನೆರಡು ಮನೆಯ ಒಂದು ಸಾಲು ಏಳುತ್ತಿತ್ತು. ಅದರ ಕಡೆ ಕೈ ತೋರಿಸಿ, "ಏಳನೇದು ನಿನ್ನದು" ಎಂದರು. ಸಿದ್ದಯ್ಯ ತಮಾಷೆಯೆಂದುಕೊಂಡು ಗಾರೆ ಕಲಸಲು ಬಗ್ಗಿದ. ಸೇಟರು ಮತ್ತೆ ಹೇಳಿದರು. ಆಗ ಅವನು ಎದ್ದು ನಿಂತು ಒಂದೇ ಮಾತು ಕೇಳಿದ: "ನನ್ ಮಗಳ ಆ ಇಸ್ಕೂಲ್ಗೆ ಸೇರುಸ್ಬೌದಾ?"

ನಮ್ಮ ಕಡೆ ಒಂದು ಪದ್ಧತಿಯಿತ್ತು. ಮಾತು ಗಟ್ಟಿಯಾಯಿತೆಂದರೆ ಎಲೆಯಡಿಕೆ ಕೊಡುವುದು. ತೆಗೆದುಕೊಂಡವನು ಅದನ್ನು ಮನೆಯ ಗೂಡಿನಲ್ಲಿ, ದೇವರ ಮುಂದೆ, ಕೆಲಸ ನೆರವೇರುವವರೆಗೆ ಇಟ್ಟುಕೊಳ್ಳಬೇಕು. ಮಾತು ಮುರಿಯಬೇಕೆಂದರೆ ಎಲೆ ಹಿಂದಿರುಗಿಸಬೇಕು. ಹಿಂದಿರುಗಿದ ಎಲೆಗೆ ಕಾರಣ ಕೇಳಬಾರದು, ಕೇಳಿದರೆ ಅವಮಾನ. ಇದನ್ನೆಲ್ಲ ಸೇಟರಿಗೆ ಹೇಳಿಕೊಟ್ಟವನು ನಾನೇ. ಊರಿನ ನಡತೆ ತಪ್ಪಬಾರದೆಂದು ಅವರಿಗೆ ಬಹಳ ಆಸೆ. ನಾನು ಹೇಳಿದ್ದನ್ನು ಮಗುವಿನ ಹಾಗೆ ಪಾಲಿಸುತ್ತಿದ್ದರು.

ಎಲೆ ಕೊಟ್ಟ ದಿನ ಆ ಸಾಲಿನಲ್ಲಿ ಮನೆ ಪಡೆಯುವ ಹನ್ನೆರಡು ಮಂದಿಯೂ ಬಂದಿದ್ದರು. ಆರನೆಯವರು ನನ್ನ ಸೋದರಮಾವ ಜವರೇಗೌಡರು, ಅವರ ಮಗಳನ್ನು ನನಗೆ ಕೊಡುವುದೆಂದು ಮಾತಾಗಿತ್ತು. ಏಳನೆಯ ಸರದಿಗೆ ಸಿದ್ದಯ್ಯ ದೂರದಲ್ಲೇ ನಿಂತು ಹೆಗಲ ವಸ್ತ್ರ ಒಡ್ಡಿದ — ಮೇಲಿನಿಂದ ಹಾಕಲಿ ಎಂದು. ಸೇಟರು ಹತ್ತಿರ ಹೋಗಿ ವಸ್ತ್ರವನ್ನು ಸರಿಸಿ, ಅವನ ಅಂಗೈ ಬಿಡಿಸಿ, ಅದರ ಮೇಲೆ ಎಲೆಯಿಟ್ಟರು. ಸುಣ್ಣ ತಿಂದು ಒಡೆದ ಅಂಗೈ.

ಮಾರನೆಯ ದಿನ ಮಾವ ನನ್ನನ್ನು ಕರೆದರು.

"ಅಲ್ಲ ಕಣ್ಲಾ ಪುಟ್ಸಾಮಿ, ಆರ್ನೇದು ನಂದು, ಏಳ್ನೇದು ಅವ್ನದು. ನನ್ ಮಗಳು ಬಾಣಂತನಕ್ಕೆ ಬಂದ್ರೆ ಅವ್ನ ಗೋಡೆಗೆ ಒರಗ್ಕಂಡು ಕುಂತ್ಕಬೇಕೇನ್ಲಾ?"

"ಸೇಟ್ರು ಮಾತು ಕೊಟ್ಟವ್ರೆ ಮಾವ, ನಾನೇನ್ ಮಾಡ್ಲಿ?"

"ಸೇಟು ಬಾಯಿ ಯಾರ್ಲಾ? ನೀನೇ ತಾನೆ? ಆ ಬಾಯ್ನಾಗೆ ಇನ್ನೊಂದು ಮಾತು ಆಡು. ಇಲ್ದಿದ್ರೆ ಸಾಲ್ನಾಗಿರೋ ನಮ್ಮೋರು ಐದು ಜನ ಎಲೆ ತಂದು ಸೇಟು ಮುಂದೆ ಮಡುಗ್ತೀವಿ."

ಇಷ್ಟಕ್ಕೇ ನಿಲ್ಲಿಸಿದರೆ ತಪ್ಪು ಮಾವನದಾಗುತ್ತದೆ. ಹಾಗಾಗಬಾರದು. ಅವರು ಎಲೆ ಹಿಂದಕ್ಕೆ ಕೊಟ್ಟಿದ್ದರೆ ಸೇಟರು ತೆಗೆದುಕೊಂಡು ಬೇರೆಯವರಿಗೆ ಕೊಡುತ್ತಿದ್ದರು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮದುವೆ ಮುರಿಯುತ್ತದೆಂಬ ಹೆದರಿಕೆಯೂ ನಿಜವಲ್ಲ. ನಿಜವೇನೆಂದರೆ — ಆ ಸಾಲಿನಲ್ಲಿ ಎಂಟನೆಯ ಮನೆ ನನ್ನದು. ಸಿದ್ದಯ್ಯನ ಮಗಳೂ ನಾಳೆ ನನಗೆ ಹುಟ್ಟುವ ಮಗುವೂ ಒಂದೇ ಜಗಲಿಯಲ್ಲಿ ಆಡುವುದು, ನನಗೇ ಬೇಡವಾಗಿತ್ತು. ಮಾವ ಹೇಳಿದ್ದು ನನ್ನೊಳಗೆ ಮೊದಲೇ ಇದ್ದ ಮಾತು.

ಸೇಟರು ಮರದ ವ್ಯಾಪಾರಕ್ಕೆಂದು ಮೈಸೂರಿಗೆ ಹೋಗಿದ್ದಾಗ ಬೆಳಿಗ್ಗೆಯೇ ಕೇರಿಗೆ ಹೋದೆ. ಒಳಗೆ ಕಾಲಿಡಲಿಲ್ಲ, ಹುಣಸೆಮರದ ಬುಡದಿಂದಲೇ ಕೂಗಿದೆ. ಸಿದ್ದಯ್ಯ ಓಡಿ ಬಂದ. ಅವನ ಹೆಂಡತಿ ಕೆಂಪಮ್ಮ ಹಿಂದೆ ಬಂದಳು. ಏಳು ವರ್ಷದ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಎಲೆ ವಾಪಸ್ ಈಸ್ಕೊಂಡ್ ಬಾ ಅಂದವ್ರೆ ಕಣ್ಲಾ" ಎಂದೆ.

"ಯಾರ್ ಬುದ್ಧಿ?"

"ಇನ್ಯಾರು? ಸೇಟ್ರು."

"ಅವ್ರೇ ಅಂದ್ರಾ? ಅವ್ರ ಬಾಯಲ್ಲೇ ಅಂದ್ರಾ ಬುದ್ಧಿ?"

"ಊಂ. ಅವ್ರೇ ಅಂದ್ರು."

ಅಷ್ಟೆ. ಕೂಗಾಡಲಿಲ್ಲ, ಅಳಲಿಲ್ಲ, ಕಾರಣ ಕೇಳಲಿಲ್ಲ. ಅವನೂ ಆ ಪದ್ಧತಿಯಲ್ಲೇ ಬೆಳೆದವನಲ್ಲವೇ. ಕೆಂಪಮ್ಮ ಒಳಗೆ ಹೋಗಿ, ಒಣಗಿದ ಎಲೆಯನ್ನು ಚೂರಾಗದ ಹಾಗೆ ಎರಡು ಕೈಯಲ್ಲಿ ಹಿಡಿದು ತಂದು ನೆಲದ ಮೇಲಿಟ್ಟು ಹಿಂದೆ ಸರಿದಳು. ನಾನು ಬಗ್ಗಿ ಎತ್ತಿಕೊಂಡೆ.

ಸೇಟರು ಬಂದ ಮೇಲೆ ಅದನ್ನು ಅವರ ಮುಂದಿಟ್ಟು, "ಸಿದ್ದಯ್ಯ ಹಿಂದಕ್ಕೆ ಕೊಟ್ಟಿದ್ದಾನೆ" ಎಂದೆ. ಅವರು ಅದನ್ನು ಕೈಗೆತ್ತಿಕೊಂಡರು. "ಯಾಕೆ" ಎಂದು ಬಾಯಿ ತೆರೆದು, ತಾವೇ ತಡೆದುಕೊಂಡರು. "ಕೇಳಬಾರದು, ಅಲ್ವಾ?" ಎಂದರು. "ಕೇಳಬಾರದು" ಎಂದೆ.

ಸಿದ್ದಯ್ಯ ಮತ್ತೆ ಕೆಲಸಕ್ಕೆ ಬರಲಿಲ್ಲ. ಹೆಂಡತಿಯ ತವರು ಮಳವಳ್ಳಿಯ ಕಡೆ, ಅಲ್ಲಿಗೆ ಹೊರಟುಹೋದ ಎಂದು ಕೇಳಿದೆ. ಏಳನೆಯ ಮನೆಯ ಗೋಡೆಗೆ ಬೇರೆಯವರು ಗಾರೆ ಮೆತ್ತಿದರು. ಸೇಟರು ಆ ಮನೆಯನ್ನು ಯಾರಿಗೂ ಕೊಡಲಿಲ್ಲ. ಬೀಗ ಹಾಕಿಸಿದರು. ತಿಂಗಳಿಗೊಮ್ಮೆ ತಾವೇ ಹೋಗಿ ಗುಡಿಸಿಸಿ ಬರುತ್ತಿದ್ದರು. ಒಂದೆರಡು ವರ್ಷದ ಮೇಲೆ ನಾನು ಮದ್ದೂರು ಸ್ಟೇಷನ್ನಿನಲ್ಲಿ ಸಿದ್ದಯ್ಯನನ್ನು ಕಂಡೆ. ಗಾರೆ ಕರಣೆಯ ಚೀಲ ಹೆಗಲಲ್ಲಿತ್ತು. ಅವನೇ ಮುಂದೆ ಬಂದು, "ಸೇಟ್ರು ಸೆಂದಾಗವ್ರಾ ಬುದ್ಧಿ?" ಎಂದ. ಚೆನ್ನಾಗಿದ್ದಾರೆ ಎಂದೆ. ಆಗ ಹೇಳಬಹುದಿತ್ತು. ರೈಲು ಬರಲು ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಂನಲ್ಲಿ ನಾವಿಬ್ಬರೇ —

ಆಮೇಲೆ ನಲವತ್ತೇಳು ಬಂತು. ನಮ್ಮ ಊರುಗಳಲ್ಲಿ ಗಲಾಟೆಯೇನೂ ಆಗಲಿಲ್ಲ. ಸೇಟರ ಅಣ್ಣ ಕರಾಚಿಯಲ್ಲಿದ್ದರು, ಬಾ ಎಂದು ಕಾಗದದ ಮೇಲೆ ಕಾಗದ ಬರೆದರು. ಸೇಟರು ಉತ್ತರ ಬರೆಯದೆ ದಿನ ದೂಡುತ್ತಿದ್ದರು. ಒಂದು ಸಂಜೆ ಹೆರಿಗೆ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಕೇಳಿದರು:

"ಪುಟ್ಸಾಮಿ, ಈಗ ಕೇಳ್ತೀನಿ, ತಪ್ಪು ತಿಳೀಬೇಡ. ಸಿದ್ದಯ್ಯ ಎಲೆ ಹಿಂದಕ್ಕೆ ಕೊಟ್ಟಿದ್ದು ನಾನು ಮುಸಲ್ಮಾನ ಅಂತಲಾ? ನನ್ನ ಬೀದೀಲಿ ಇರೋದು ಬೇಡ ಅಂತಲಾ?"

ಅವರ ತಲೆಯಲ್ಲಿ ಅಷ್ಟು ವರ್ಷ ಅದು ಕೊರೆಯುತ್ತಿತ್ತೆಂದು ನನಗೆ ಆವರೆಗೆ ತಿಳಿದಿರಲಿಲ್ಲ. "ಅಲ್ಲ" ಎಂಬ ಒಂದು ಮಾತು ಸಾಕಿತ್ತು. "ಅಲ್ಲ" ಎಂದರೆ, "ಮತ್ತೆ ಯಾಕೆ?" ಎನ್ನುತ್ತಾರೆ. ನಾನು ತಲೆ ಬಗ್ಗಿಸಿ ಮೆಟ್ಟಿಲ ಕಲ್ಲನ್ನು ನೋಡುತ್ತಾ ಕುಳಿತೆ. ಅವರು ನನ್ನ ಸುಮ್ಮನಿರುವಿಕೆಯನ್ನೇ ಉತ್ತರ ಮಾಡಿಕೊಂಡರು. "ಕೇರಿಯವನಿಗೂ ನಾನು ಬೇಡವಾದೆನಾ" ಎಂದು ತಮಗೇ ಹೇಳಿಕೊಂಡರು.

ಅವರು ಕರಾಚಿಗೆ ಹೊರಟದ್ದು ಅದರಿಂದಲೇ ಎಂದು ನಾನು ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಹೆರಿಗೆ ಮನೆಯನ್ನು ಊರಿಗೆ ಬರೆದುಕೊಟ್ಟರು. ಏಳನೆಯ ಮನೆಯನ್ನು ನನ್ನ ಹೆಸರಿಗೆ ಬರೆದು ಬೀಗದ ಕೈ ಕೊಟ್ಟರು. "ಸಿದ್ದಯ್ಯ ಯಾವತ್ತಾದರೂ ಮನಸ್ಸು ಬದಲಾಯಿಸಿ ಬಂದರೆ ಅವನಿಗೆ ಕೊಡು. ಕಾಗದಕ್ಕಿಂತ ನಿನ್ನ ಮಾತು ನನಗೆ ಗಟ್ಟಿ" ಎಂದರು.

ನಾನು ಎಂಟನೆಯ ಮನೆಯನ್ನು ಬಾಡಿಗೆಗೆ ಕೊಟ್ಟು ಏಳನೆಯದರಲ್ಲಿ ಸಂಸಾರ ಮಾಡಿದೆ. ಅದಕ್ಕೆ ಬೆಳಕು ಚೆನ್ನಾಗಿತ್ತು. ನನ್ನ ನಾಲ್ಕು ಮಕ್ಕಳು ಅದರ ಹೊಸ್ತಿಲು ದಾಟಿ ಎದುರಿನ ಶಾಲೆಗೆ ಹೋದರು. ಸಿದ್ದಯ್ಯ ಬರಲಿಲ್ಲ. ಬರುವುದಾದರೂ ಹೇಗೆ? ನಾನು ಹುಡುಕಲಿಲ್ಲ. ಮಳವಳ್ಳಿಗೆ ಬಸ್ಸಿನಲ್ಲಿ ಎಷ್ಟು ದೂರ?

ಅಷ್ಟು ದೂರಕ್ಕೆ ನಾನು ಹೋದದ್ದು ಐವತ್ತು ವರ್ಷದ ಮೇಲೆ, ಕಳೆದ ತಿಂಗಳು. ಹೆಂಡತಿ ತೀರಿಕೊಂಡ ಮೇಲೆ, ಮಾತಾಡಲು ಯಾರೂ ಇಲ್ಲದ ಮನೆಯಲ್ಲಿ, ಆಡಿದ ಮಾತೇ ಕಿವಿಗೆ ಬೀಳತೊಡಗಿತ್ತು. ಸಿದ್ದಯ್ಯ ಸತ್ತು ಬಹಳ ವರ್ಷವಾಗಿತ್ತು. ಮಗಳು ಚಿಕ್ಕತಾಯಮ್ಮ ಸಿಕ್ಕರು. ಅರವತ್ತರ ಮೇಲಿನ ಹೆಂಗಸು, ಜಗಲಿಯಲ್ಲಿ ಹುರುಳಿ ಕೇರುತ್ತಾ ಕುಳಿತಿದ್ದರು. ಎಲ್ಲವನ್ನೂ ಹೇಳಿದೆ. ಮೊರ ಒಂದು ಸಲವೂ ನಿಲ್ಲಲಿಲ್ಲ.

"ನೀವು ಉಣಸೇ ಮರದಡಿ ನಿಂತಿದ್ದು ನಂಗೆ ಗ್ಯಾಪ್ಕ ಅದೆ" ಎಂದರು ಕೊನೆಗೆ. "ನಮ್ಮಪ್ಪ ಸಾಯಗಂಟ ಅಂತಿದ್ದ. 'ಗೌಡ್ರಾದ್ರೂ ಮೊಕದ ಮ್ಯಾಲೆ ದೂರ ನಿಂತ್ಕ ಅಂತಾರೆ. ಆ ಸೇಟು ಕೈ ಇಡ್ದು ಕೈ ಬುಟ್ಟ' ಅಂತ. ಅಂಗೆ ಬೈದೋನು ಸುಳ್ಳಾದ್ನಲ್ಲ ಈಗ."

ನಾನು ಕೈ ಮುಗಿದೆ. ಅವರು ನೋಡಲಿಲ್ಲ.

"ಆ ಮನೇಲಿ ಯಾರವ್ರೆ?"

"ನಾನೇ ಇದ್ದೇನೆ."

ಆಗ ಮೊರ ನಿಂತಿತು.

ಮನೆ ನಿಮ್ಮದು, ನಿಮ್ಮ ಹೆಸರಿಗೆ ಬರೆಸಿಕೊಡುತ್ತೇನೆ ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು. "ನಿಮ್ಮ ಬಾಯಿಂದ ಬಂದದ್ದ ನಮ್ಮಪ್ಪ ಒಂದ್ಸಲ ನಂಬಿದ್ದ. ಸಾಕು. ನೀವ್ ಮಾಡಿದ್ದ ಬರ್ದು ಕೊಡಿ. ನಂಗೆ ಓದಾಕ್ ಬರಾಕಿಲ್ಲ, ನನ್ ಮಗಳು ರತ್ನ ಮೇಷ್ಟ್ರಮ್ಮ, ಅವಳು ಓದ್ತಾಳೆ. ನಾಕ್ ಜನಕ್ಕೂ ಗೊತ್ತಾಗಂಗೆ ಬರೀರಿ, ಆ ಸೇಟು ಕೆಟ್ಟೋನಲ್ಲ ಅಂತ. ಮನೆ ಬೇಕೋ ಬ್ಯಾಡ್ವೋ, ಅದ ನಾನೇ ಬಂದು ಯೋಳ್ತೀನಿ. ಆ ಬಾಗಲಾಗೆ ನಿಂತ್ಕಂಡು ಯೋಳ್ತೀನಿ."

ಅದಕ್ಕೇ ಬರೆದೆ. ಒಂದು ಪ್ರತಿ ರತ್ನಮ್ಮನವರಿಗೆ ಕಳಿಸಿದ್ದೇನೆ. ಇನ್ನೊಂದನ್ನು ನನ್ನ ಮಕ್ಕಳಿಗೆ ಕೊಟ್ಟೆ. ದೊಡ್ಡವನು ಓದಿ, ಅಪ್ಪನಿಗೆ ಅರಳುಮರಳು ಎಂದ. ಚಿಕ್ಕವನು ಓದಿ, ಮಡಿಚಿ, ಹಿಂದಕ್ಕೆ ಕೊಟ್ಟ. ನನ್ನ ಸಾಮಾನುಗಳನ್ನು ಹಿಂದಿನ ಕೋಣೆಗೆ ಸಾಗಿಸಿಕೊಂಡಿದ್ದೇನೆ, ಹಗಲೆಲ್ಲ ಬಾಗಿಲು ತೆಗೆದಿರುತ್ತದೆ. ಚಿಕ್ಕತಾಯಮ್ಮ ಏನು ಹೇಳಿದರು, ಮನೆ ಬೇಕೆಂದರೋ ಬೇಡವೆಂದರೋ ಎಂದು ದೊಡ್ಡವನು ದಿನಾ ಫೋನ್ ಮಾಡಿ ಕೇಳುತ್ತಾನೆ.

ಗೊತ್ತಿಲ್ಲ ಎನ್ನುತ್ತೇನೆ. ಅವರೇ ಬಂದು ಹೇಳಬೇಕು.